ಹಳ್ಳದಲ್ಲಿ ತಗಡು ನಿಲ್ಲಿಸಿ ನೀರು ಅಳೆದೆ

ಬೈಲಹೊಂಗಲ ತಾಲ್ಲೂಕಿನಲ್ಲಿರುವ ನಮ್ಮ ಹೊಲ ಮಲಪ್ರಭೆಗೆ ಸೇರುವ ಒಂದು ಹಳ್ಳದ ದಂಡೆಯಲ್ಲಿದೆ. ಅಪ್ಪನ ಕಾಲದಲ್ಲಿ ಯುಗಾದಿಯವರೆಗೂ ಹರಿಯುತ್ತಿದ್ದ ಹಳ್ಳ ಈಗ ಸಂಕ್ರಾಂತಿಗೇ ಬತ್ತುತ್ತದೆ. ಮಳೆ ಮೊದಲಿನಂತಿಲ್ಲ ಎಂಬುದು ಊರಿನ ಕಟ್ಟೆಯ ತೀರ್ಪು. ನಾನೂ ಅದನ್ನೇ ನಂಬಿದ್ದೆ. ಹೋಬಳಿಯ ಮಳೆಮಾಪಕದ ಹಳೆಯ ಅಂಕಿಗಳನ್ನು ಬರೆದುಕೊಂಡು ಬಂದು ಕೂಡಿಸಿ ನೋಡಿದರೆ ಏರಿಳಿತವಿತ್ತೇ ಹೊರತು, ಎರಡೂವರೆ ತಿಂಗಳ ಹರಿವನ್ನು ನುಂಗುವಷ್ಟು ಇಳಿಕೆ ಇರಲಿಲ್ಲ.

ಹಾಗಾಗಿ ಹಳ್ಳವನ್ನೇ ಅಳೆಯಲು ಹೊರಟೆ. ವೆಲ್ಡಿಂಗ್ ಅಂಗಡಿಯಲ್ಲಿ ದಪ್ಪ ತಗಡಿಗೆ 90 ಡಿಗ್ರಿ ಕೋನದ ‘ವಿ’ ಕಚ್ಚು ಕೊಯ್ಯಿಸಿದೆ. ಮುಂಗಾರಿನಲ್ಲೇ ನಿಲ್ಲಿಸಿದ್ದು ದಡ್ಡತನ. ಒಂದೇ ರಾತ್ರಿಯ ಮಳೆಗೆ ಕೊಚ್ಚಿಹೋಗಿ, ಮೂರು ಹೊಲದಾಚೆ ಜಾಲಿಕಂಟಿಯಲ್ಲಿ ಸಿಕ್ಕಿಬಿದ್ದಿತ್ತು. ದೀಪಾವಳಿ ಕಳೆದು ಹರಿವು ಸಣ್ಣಗಾದ ಮೇಲೆ, ಹಳ್ಳ ಕಿರಿದಾಗುವ ಕಡೆ ಬುಡಕ್ಕೆ ಜೇಡಿಮಣ್ಣು ತುಳಿದು, ಮರಳಿನ ಚೀಲ ಒತ್ತಿ ಮತ್ತೆ ನಿಲ್ಲಿಸಿದೆ. ಅಳತೆಪಟ್ಟಿಯನ್ನು ತಗಡಿಗೇ ಅಂಟಿಸಬಾರದು, ಕಚ್ಚಿನ ಬಳಿ ನೀರು ಬಾಗಿ ಇಳಿಯುತ್ತದೆ. ಒಂದು ಮೀಟರ್ ಹಿಂದೆ ಗೂಟ ನೆಟ್ಟು, ಪಟ್ಟಿಯ ಸೊನ್ನೆ ಕಚ್ಚಿನ ತಳಕ್ಕೆ ಸಮವಾಗುವಂತೆ ಕಟ್ಟಿದೆ. ಕಚ್ಚಿನ ತಳದಿಂದ ನೀರು 10 ಸೆಂಟಿಮೀಟರ್ ಎತ್ತರವಿದ್ದರೆ ಸೆಕೆಂಡಿಗೆ ಸುಮಾರು 4.4 ಲೀಟರ್ ಹರಿಯುತ್ತದೆ. 5 ಸೆಂಟಿಮೀಟರಿಗೆ ಇಳಿದರೆ ಅರ್ಧವಲ್ಲ, 0.8 ಲೀಟರ್ ಕೂಡ ಇರುವುದಿಲ್ಲ. ಕಣ್ಣಂದಾಜು ಕೈಕೊಡುವುದು ಇಲ್ಲಿಯೇ.

ಕೆಲವು ದಿನ ಎರಡು ಗಂಟೆಗೊಮ್ಮೆ ಬರೆದಿಟ್ಟೆ. ಪಂಪಿನ ಮೋಟಾರು ಓಡಿಸುವ ತ್ರೀ ಫೇಸ್ ಕರೆಂಟ್ ಬಂದ ಸ್ವಲ್ಪ ಹೊತ್ತಿಗೆ ಮಟ್ಟ ಕುಸಿಯುತ್ತಿತ್ತು, ಕರೆಂಟ್ ಹೋದ ಮೇಲೆ ಮೆಲ್ಲಗೆ ಏರುತ್ತಿತ್ತು. ಮುಂದಿನ ವಾರ ಕರೆಂಟ್ ರಾತ್ರಿ ಪಾಳಿಗೆ ಹೋಯಿತು, ಹಳ್ಳವೂ ರಾತ್ರಿ ಇಳಿಯತೊಡಗಿತು. ಮೋಡಕ್ಕೆ ಕರೆಂಟಿನ ಪಾಳಿ ಗೊತ್ತಿರುವುದಿಲ್ಲವಲ್ಲ!

ಹಳ್ಳದಗುಂಟ ಮೇಲಕ್ಕೆ ನಡೆದು, ಕಂಡ ಮೋಟಾರುಗಳನ್ನೂ ಅಳತೆಯ ಪುಸ್ತಕದಲ್ಲಿ ಬರೆದುಕೊಂಡೆ. ಬಿಳಿಜೋಳ, ಕಡಲೆ ಇದ್ದ ಎರೆಯಲ್ಲೆಲ್ಲ ಕಬ್ಬು. ಹಿಂಗಾರಿ ಜೋಳ ನೆಲದ ಹಸಿಯಲ್ಲೇ ಬೆಳೆದುಕೊಳ್ಳುತ್ತದೆ, ಹಳ್ಳಕ್ಕೆ ಕೈಯೊಡ್ಡುವುದಿಲ್ಲ. ಕಬ್ಬಿಗೆ ಕಡಿಮೆಯೆಂದರೂ 1500 ಮಿಲಿಮೀಟರ್ ಬೇಕು, ಅಂದರೆ ಎಕರೆಗೆ 60 ಲಕ್ಷ ಲೀಟರ್. ನನ್ನ ತಗಡಿನ ಮೇಲೆ 10 ಸೆಂಟಿಮೀಟರ್ ನೀರು ಹದಿನಾರು ದಿನ ಹಗಲಿರುಳು ಹರಿದರೆ ಅಷ್ಟಾಗುತ್ತದೆ. ಮಳೆಯ ಪಾಲು ಕಳೆದರೂ ಉಳಿದದ್ದು ಸಣ್ಣದಲ್ಲ. ಇನ್ನೂ ಮೇಲೆ, ಹುಲ್ಲಿದ್ದ ಗಾಯರಾಣದ, ಅಂದರೆ ಊರ ದನ ಮೇಯುವ ಜಾಗದ, ಮಡ್ಡಿಯನ್ನು ಉತ್ತಿದ್ದರು. ಇಂಗಿ ಒರತೆಯಾಗಿ ಬರಬೇಕಾದ ನೀರು ಅಲ್ಲಿಂದ ಕೆಂಪಾಗಿ ಒಮ್ಮೆಲೇ ಧುಮುಕುತ್ತದೆ. ನಾವು ಹಳ್ಳಕ್ಕೆ ಅಡ್ಡ ಕಟ್ಟಿದ ಬಾಂದಾರದ ಹೂಳು ತೆಗೆಸಿದರೂ ಎರಡೇ ಮಳೆಗಾಲಕ್ಕೆ ಮತ್ತೆ ತುಂಬಿದ್ದು ಇದರಿಂದಲೇ.

ಪುಸ್ತಕ ಹಿಡಿದುಕೊಂಡು ಮೇಲಿನ ಹೊಲದ ಕಾಕಾನ ಬಳಿಗೆ ಹೋದೆ.

“ಏನಪ್ಪಾ, ಕಬ್ಬು ಕಿತ್ತು ಹಾಕಲೇ?”

“ಬೇಡ ಕಾಕಾ. ವಾರದಲ್ಲಿ ಎರಡು ದಿನ ಎಲ್ಲರೂ ಮೋಟಾರು ನಿಲ್ಲಿಸೋಣ.”

ಒಂದು ದಿನಕ್ಕೆ ಒಪ್ಪಿದರು, ಅದೂ ಎಲ್ಲರೂ ಅಲ್ಲ. ಇಬ್ಬರು ಹನಿ ನೀರಾವರಿ ಹಾಕಿಸಿದರು. ನಾನು ನನ್ನ ಮೂರು ಎಕರೆ ಕಬ್ಬನ್ನು ಒಂದಕ್ಕಿಳಿಸಿ ಉಳಿದದ್ದಕ್ಕೆ ಜೋಳ ಬಿತ್ತಿದೆ. ಮಡ್ಡಿಯ ಹುಲ್ಲಿನ ಮಾತು ಇನ್ನೂ ಪಂಚಾಯಿತಿಯಲ್ಲೇ ಇದೆ. ಕಳೆದ ಸಲ ಹಳ್ಳ ಹದಿನೆಂಟು ದಿನ ಹೆಚ್ಚು ಹರಿಯಿತು. ಆ ವರ್ಷ ಹಿಂಗಾರಿ ಮಳೆಯೂ ಚೆನ್ನಾಗಿತ್ತು, ಹಾಗಾಗಿ ಅಷ್ಟನ್ನೂ ನಮ್ಮ ಲೆಕ್ಕಕ್ಕೆ ಬರೆದುಕೊಳ್ಳಲಾರೆ.

ಜಾತ್ರೆಗೆ ಬಂದಿದ್ದ ನರಗುಂದದ ಬೀಗರಿಗೆ ಪುಸ್ತಕ ತೋರಿಸಿದೆ. ಅವರ ಹೊಲ ಮಲಪ್ರಭಾ ಕಾಲುವೆಯ ಕಟ್ಟಕಡೆಯಲ್ಲಿದೆ. ಆ ಕಾಲುವೆಗೆ ನೀರು ಬಿಡುವ ನವಿಲುತೀರ್ಥದ ಜಲಾಶಯ 37.73 ಟಿಎಂಸಿ ಹಿಡಿಯುತ್ತದೆ, ಆದರೆ ತುಂಬಬೇಕಲ್ಲ! ನಮ್ಮ ಹಳ್ಳ ಸೇರುವುದು ಅದರ ಮೇಲ್ಗಡೆ. ಬೀಗರು ಪುಟ ತಿರುವುತ್ತಾ ಹೋಗಿ, “ಮೇಲಿನವರ ಮೋಟಾರು ಎಲ್ಲಾ ಇದೆ ಬೀಗರೇ, ನಿಮ್ಮದು ಎಲ್ಲಿ?” ಎಂದರು.

ಇರಲಿಲ್ಲ. ಮರುದಿನ ಗೆರೆ ಎಳೆದು ಇನ್ನೊಂದು ಕಾಲಂ ಮಾಡಿದೆ.