ಮೆಚ್ಚಿದ ಕಾದಂಬರಿಯ ಮುಂದುವರಿಕೆಯನ್ನು ಓದುವ ಬಗೆ

ಪ್ರಿಯವಾದ ಕಾದಂಬರಿಯೊಂದರ ಉತ್ತರಭಾಗವೋ ಪೂರ್ವಕಥೆಯೋ ಕೈಗೆ ಬಂದಾಗ, ಅದನ್ನು ಬರೆದವರು ಯಾರು, ಬರೆದದ್ದು ಯಾವಾಗ ಎಂಬುದನ್ನು ಮೊದಲು ವಿಚಾರಿಸಿಕೊಳ್ಳಿ. ಪ್ರಕಟವಾದ ವರ್ಷವನ್ನಷ್ಟೇ ನಂಬಬೇಡಿ. ಹಾರ್ಪರ್ ಲೀ ಅವರ ‘ಗೋ ಸೆಟ್ ಎ ವಾಚ್‌ಮನ್’ 2015ರಲ್ಲಿ ಹೊರಬಂದಾಗ ಅನೇಕರು ಅದನ್ನು 1960ರ ‘ಟು ಕಿಲ್ ಎ ಮಾಕಿಂಗ್‌ಬರ್ಡ್’ನ ಮುಂದುವರಿಕೆಯೆಂದೇ ಓದಿ, ಕಪ್ಪುವರ್ಣೀಯ ಆರೋಪಿಯ ಪರವಾಗಿ ವಾದಿಸಿದ್ದ ವಕೀಲ, ನಾಯಕಿಯ ತಂದೆ ಅಟಿಕಸ್ ಇಲ್ಲಿ ವರ್ಣಭೇದದ ಪಕ್ಷ ವಹಿಸುವುದನ್ನು ಕಂಡು ನೊಂದುಕೊಂಡರು. ವಾಸ್ತವದಲ್ಲಿ ಅದು 1950ರ ದಶಕದ ಹಸ್ತಪ್ರತಿ. ನಾಯಕಿಯ ಬಾಲ್ಯವನ್ನೇ ಕಥೆಯಾಗಿಸಬೇಕೆಂಬ ಸಂಪಾದಕಿ ಟೇ ಹೊಹಾಫ್ ಅವರ ಸಲಹೆಯ ಮೇರೆಗೆ, ಆ ಹಸ್ತಪ್ರತಿಯ ಒಳಗಿನಿಂದಲೇ ಪ್ರಸಿದ್ಧ ಕಾದಂಬರಿ ರೂಪುಗೊಂಡಿತು. ಆದ್ದರಿಂದ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು, ಕರಡಿನಲ್ಲಿದ್ದ ಯಾವುದು ಉಳಿಯಿತು, ಯಾವುದು ಬಿಟ್ಟುಹೋಯಿತು ಎಂದು ಅಂಚಿನಲ್ಲಿ ಗುರುತು ಹಾಕುತ್ತಾ ಓದಿ. ಆಗ ಅಟಿಕಸ್ ಕೆಟ್ಟುಹೋದನೆಂಬ ದುಃಖಕ್ಕಿಂತ, ಲೇಖಕಿಯೊಬ್ಬರು ತಮ್ಮ ನಿಜವಾದ ವಸ್ತುವನ್ನು ಕಂಡುಕೊಂಡ ಬಗೆಯೇ ಮುಖ್ಯವಾಗುತ್ತದೆ. ನನ್ನ ಮಟ್ಟಿಗೆ ಇದು ಅಮೂಲ್ಯವಾದ ಪಾಠ.

ಮೂಲ ಲೇಖಕರು ತೀರಿಕೊಂಡ ಮೇಲೆ ಬೇರೆಯವರು ಬರೆದ ಕೃತಿಯಾದರೆ ಎಚ್ಚರ ಹೆಚ್ಚಿರಲಿ. ಮಾರ್ಗರೆಟ್ ಮಿಚೆಲ್ 1949ರಲ್ಲಿ ನಿಧನರಾದರು. ಅವರ ‘ಗಾನ್ ವಿತ್ ದ ವಿಂಡ್’ಗೆ ಅಲೆಕ್ಸಾಂಡ್ರಾ ರಿಪ್ಲಿ ಬರೆದ ಅಧಿಕೃತ ಉತ್ತರಭಾಗ ‘ಸ್ಕಾರ್ಲೆಟ್’ 1991ರಲ್ಲಿ ಬಂದಿತು, ಚೆನ್ನಾಗಿ ಮಾರಾಟವಾಯಿತು, ಆದರೆ ವಿಮರ್ಶಕರನ್ನು ಮೆಚ್ಚಿಸಲಿಲ್ಲ. ಇಂಥ ಪುಸ್ತಕದ ಮೊದಲ ಕೆಲವು ಅಧ್ಯಾಯಗಳನ್ನು ಓದಿ, ಅದಕ್ಕೆ ತನ್ನದೇ ಆದ ಪ್ರಶ್ನೆಯೊಂದು ಇದೆಯೇ ಎಂದು ನೋಡಿ. ಷಾರ್ಲೆಟ್ ಬ್ರಾಂಟೆ ಅವರ ಕಾದಂಬರಿ ‘ಜೇನ್ ಐರ್’ನಲ್ಲಿ ಅಟ್ಟದ ಮೇಲೆ ಕೂಡಿಹಾಕಲ್ಪಟ್ಟ ಹೆಂಗಸಿನ ಹಿಂದಿನ ಬದುಕನ್ನು ಕೆರಿಬಿಯನ್ ನೆಲದಿಂದ ನೋಡಿದ ಜೀನ್ ರೀಸ್ ಅವರ ‘ವೈಡ್ ಸಾರ್ಗಾಸೊ ಸೀ’ಯಲ್ಲಿ (1966) ಅಂಥ ಪ್ರಶ್ನೆಯಿದೆ. ನೀವು ಓದುತ್ತಿರುವ ಪುಸ್ತಕದಲ್ಲಿ ಅದು ಇಲ್ಲದಿದ್ದರೆ ಅಲ್ಲಿಗೇ ನಿಲ್ಲಿಸಿ, ಮೂಲ ಕೃತಿಯನ್ನೇ ಮತ್ತೊಮ್ಮೆ ಕೈಗೆತ್ತಿಕೊಳ್ಳಿ.