ಬಾರಬೂಗೆ ಹೋಗುವವರು ಒಮ್ಮೆ ಓದಿಕೊಳ್ಳಿ

ಅಮೆರಿಕದ ವಿಸ್ಕಾನ್ಸಿನ್‌ನ ಮ್ಯಾಡಿಸನ್‌ನಿಂದ ಬಾರಬೂಗೆ ಕಾರಿನಲ್ಲಿ ಸುಮಾರು ಒಂದು ಗಂಟೆ. ಬೇಸಿಗೆಯ ವಾರಾಂತ್ಯ ಆದರೆ ಡೆವಿಲ್ಸ್ ಲೇಕ್ ಸ್ಟೇಟ್ ಪಾರ್ಕ್‌ಗೆ ಬೆಳಿಗ್ಗೆ ಬೇಗ ಹೋಗಿ, ತಡವಾದರೆ ಪಾರ್ಕಿಂಗ್ ಸಿಗುವುದು ಕಷ್ಟ. ಬೇರೆ ರಾಜ್ಯದ ನಂಬರ್ ಪ್ಲೇಟ್ ಇದ್ದರೆ ಶುಲ್ಕ ಜಾಸ್ತಿ. ಅಲ್ಲಿನ ಬ್ಯಾಲೆನ್ಸ್ಡ್ ರಾಕ್ ಹಾದಿ ತುಂಬಾ ಕಡಿದು, ಬರೀ ಕಲ್ಲುಮೆಟ್ಟಿಲು. ಮಳೆ ಬಿದ್ದರೆ ಜಾರುತ್ತದೆ, ಚಪ್ಪಲಿ ಬೇಡ. ಮಂಡಿನೋವಿರುವ ಅಪ್ಪ ಅಮ್ಮ ಜೊತೆಗಿದ್ದರೆ ದಡದಲ್ಲೇ ಕೂತು ಬುತ್ತಿ ಬಿಚ್ಚಿ.

ನನ್ನ ಕೇಳಿದರೆ ಇಂಟರ್‌ನ್ಯಾಷನಲ್ ಕ್ರೇನ್ ಫೌಂಡೇಶನ್ ಮಾತ್ರ ತಪ್ಪಿಸಬೇಡಿ. ಪ್ರಪಂಚದ 15 ಜಾತಿಯ ಕ್ರೇನ್ ಹಕ್ಕಿಗಳೂ ಅಲ್ಲಿವೆ. ಉತ್ತರ ಭಾರತದ ಸಾರಸವೂ ಇದೆ: ಕೆಂಪು ತಲೆ, ಆಳೆತ್ತರ! ಚಳಿಗಾಲದಲ್ಲಿ ಮುಚ್ಚಿರುತ್ತದೆ.

ಮಕ್ಕಳಿಗೆ ಸರ್ಕಸ್ ವರ್ಲ್ಡ್ ಮ್ಯೂಸಿಯಂ ಇಷ್ಟವಾಗುತ್ತದೆ. ರಿಂಗ್ಲಿಂಗ್ ಸಹೋದರರು 1884ರಲ್ಲಿ ಸರ್ಕಸ್ ಶುರು ಮಾಡಿದ್ದು ಇದೇ ಊರಲ್ಲಿ. ಮೂರನ್ನೂ ಒಂದೇ ದಿನಕ್ಕೆ ತುರುಕಬೇಡಿ, ಸುಮ್ನೆ ಓಡಾಟ ಆಗುತ್ತದೆ.