ಎದ್ದು ಮಾತಾಡಲಿ ಅಂತ ನಾನು ಮಾತಾಡುವ ರೀತಿ

ಹೊಸದಾಗಿ ಗೆದ್ದ ಗ್ರಾಮ ಪಂಚಾಯಿತಿ ಸದಸ್ಯೆಯರ ಮುಂದೆ ನಾಯಕತ್ವದ ಬಗ್ಗೆ ಮಾತಾಡುವುದು ನನ್ನ ಕೆಲಸ. ಸ್ತ್ರೀಶಕ್ತಿ ಸಂಘಗಳಿಗೂ ಕಾಲೇಜುಗಳಿಗೂ ಹೋಗುತ್ತೇನೆ. ಆದರೆ ಮನಸ್ಸಿಗೆ ಹತ್ತಿರವಾದದ್ದು ಈ ಸದಸ್ಯೆಯರ ಗುಂಪೇ. ಕರ್ನಾಟಕದ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಮೀಸಲು. ಪಂಚಾಯಿತಿಗಳಲ್ಲಿ ಮಹಿಳೆಯರಿಗೆ ಮೀಸಲಾತಿ ಕೊಟ್ಟ, ದೇಶಕ್ಕೆಲ್ಲ ಅನ್ವಯವಾಗುವ ಸಂವಿಧಾನದ 73ನೇ ತಿದ್ದುಪಡಿ ಜಾರಿಯಾದದ್ದು 1993ರಲ್ಲಿ. ನಮ್ಮ ರಾಜ್ಯ ಅದಕ್ಕೂ ಮೊದಲು, 1987ರ ಚುನಾವಣೆಯಲ್ಲೇ, ಶೇ 25ರಷ್ಟು ಸ್ಥಾನ ಕೊಟ್ಟಿತ್ತು. ಕುರ್ಚಿ ಸಿಕ್ಕಿದೆ. ಸಭೆಯಲ್ಲಿ ಬಾಯಿ ಬಿಡುವ ಧೈರ್ಯ ಎಷ್ಟೋ ಜನರಿಗೆ ಇನ್ನೂ ಬಂದಿಲ್ಲ. ಗಂಡನೋ ಮೈದುನನೋ ಪಕ್ಕದಲ್ಲಿ ಕೂತು ಉತ್ತರ ಹೇಳಿಬಿಡುತ್ತಾರೆ.

ಹಾಗಾಗಿ ನನ್ನ ಭಾಷಣಕ್ಕೆ ಒಂದೇ ಗುರಿ. ಕೇಳಿದವರು ತಮ್ಮ ಮುಂದಿನ ಸಭೆಯಲ್ಲಿ ತಾವೇ ಎದ್ದು ಮಾತಾಡಬೇಕು. ಕಥೆ, ಅಂಕಿ, ಪ್ರಶ್ನೆ, ದನಿಯ ಏರಿಳಿತ, ಏನನ್ನೇ ಬಳಸಲಿ, ಅದು ಆ ಗುರಿಗೆ ಸಹಾಯ ಮಾಡುತ್ತದಾ ಅಂತ ಮೊದಲು ನೋಡಿಕೊಳ್ಳುತ್ತೇನೆ.

ವೇದಿಕೆಯ ಮೇಲಿನವರ ಹೆಸರುಗಳನ್ನು ಸ್ವಾಗತ ಮಾಡಿದವರು ಆಗಲೇ ಹೇಳಿರುತ್ತಾರೆ. ನಾನು ಮತ್ತೆ ಹೇಳಲು ಹೋಗುವುದಿಲ್ಲ. ಎಲ್ಲರಿಗೂ ನಮಸ್ಕಾರ ಅಂದು ನೇರ ಒಂದು ಪ್ರಶ್ನೆ ಕೇಳುತ್ತೇನೆ: "ನಿಮ್ಮ ಬೀದಿಗೆ ನೀರು ಬಿಡೋದು ಎಷ್ಟು ದಿನಕ್ಕೊಂದು ಸಲ? ಎಷ್ಟು ಹೊತ್ತಿಗೆ?" ಇಡೀ ಸಭಾಂಗಣ ಒಟ್ಟಿಗೆ ಉತ್ತರ ಕೊಡುತ್ತದೆ. ನೀರುಗಂಟಿಯ ಹೆಸರು, ಯಾವ ವಾಲ್ವ್ ಸೋರುತ್ತದೆ, ಯಾವ ಮನೆಯವರು ಮೋಟರ್ ಹಾಕಿ ಎಳೆಯುತ್ತಾರೆ, ಎಲ್ಲ ಗೊತ್ತು. ಆಗ ಎರಡನೇ ಪ್ರಶ್ನೆ: "ಇಷ್ಟು ವಿಷಯ ಕಚೇರಿಯಲ್ಲಿ ಕೂತವರಿಗೆ ಗೊತ್ತಾ?" ಒಂದು ಕ್ಷಣ ಎಲ್ಲರೂ ಸುಮ್ಮನಾಗುತ್ತಾರೆ. ತನಗೆ ಏನೂ ತಿಳಿಯದು ಅಂತ ಬಂದು ಕೂತಿದ್ದವರಿಗೆ, ತನಗೆ ಬೇಕಾದಷ್ಟು ತಿಳಿದಿದೆ ಅಂತ ಅನಿಸಲು ಶುರುವಾಗುವುದು ಅಲ್ಲೇ. ಆಮೇಲೆ "ನಿಮ್ಮಲ್ಲಿ ಶಕ್ತಿ ಇದೆ" ಅಂತ ನಾನು ಕೂಗಿ ಹೇಳಬೇಕಾಗಿಲ್ಲ. ಅವರೇ ತೋರಿಸಿರುತ್ತಾರೆ.

ಮಾತು ಜನರನ್ನು ಒಪ್ಪಿಸಲು ಮೂರು ದಾರಿ ಇವೆ ಅಂತ ಗ್ರೀಸಿನ ಅರಿಸ್ಟಾಟಲ್ ಎರಡು ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ವಿವರಿಸಿದ್ದ: ಮಾತಾಡುವವರ ಮೇಲಿನ ನಂಬಿಕೆ, ಕೇಳುವವರ ಭಾವನೆ, ಮಾತಿನೊಳಗಿನ ತರ್ಕ. ಇವತ್ತಿನ ಪ್ರೇರಣೆಯ ಭಾಷಣಗಳಲ್ಲಿ ಭಾವನೆಯ ಪಾಲೇ ಜಾಸ್ತಿ. ಮೂರೂ ಸಮವಾಗಿ ಬೆರೆತ ಒಂದು ಭಾಷಣ ಹೇಳಿ ಅಂದರೆ ನಾನು ಹೆಸರಿಸುವುದು, 1949ರ ನವೆಂಬರ್ 25ರಂದು ಅಂಬೇಡ್ಕರ್ ಸಂವಿಧಾನ ಸಭೆಯಲ್ಲಿ ಮಾಡಿದ ಭಾಷಣವನ್ನು. ನನಗೆ ಅದು ಪಾಠಶಾಲೆ.

ಎಲ್ಲರೂ ಅವರನ್ನು ಹೊಗಳುತ್ತಿದ್ದ ಹೊತ್ತು ಅದು. ಅವರು ಮಾಡಿದ್ದೇನು? ಈ ಶ್ರೇಯಸ್ಸು ನನ್ನೊಬ್ಬನದಲ್ಲ ಅಂದರು. ಸಂವಿಧಾನದ ಮೊದಲ ಕರಡು ಸಿದ್ಧಪಡಿಸಿದ ಬಿ.ಎನ್. ರಾವ್ ಅವರ ಹೆಸರು ಹೇಳಿದರು. ರಾವ್ ನಮ್ಮ ಕರಾವಳಿಯ ಬೆನಗಲ್ ಮನೆತನದವರು. ಮುಖ್ಯ ಕರಡುಗಾರ ಎಸ್.ಎನ್. ಮುಖರ್ಜಿ ಅವರನ್ನೂ ನೆನೆದರು. ಶ್ರೇಯಸ್ಸು ಹಂಚುವವರ ಮಾತನ್ನು ಜನ ನಂಬುತ್ತಾರೆ. ಅದೇ ಭಾಷಣದಲ್ಲಿ ಅವರು ಟೀಕೆಯನ್ನೂ ಎದುರಿಸಿದರು. ಸಂವಿಧಾನ ಬರೆಯಲು ಇಷ್ಟು ಕಾಲ ಬೇಕಿತ್ತಾ ಅನ್ನುವ ಆಕ್ಷೇಪ ಇತ್ತು. ಅದನ್ನು ತಾವೇ ಎತ್ತಿಕೊಂಡರು. 2 ವರ್ಷ 11 ತಿಂಗಳು 17 ದಿನ ಆಗಿದೆ ಅಂತ ಲೆಕ್ಕ ಇಟ್ಟರು. ಅಮೆರಿಕ, ಕೆನಡಾ, ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾಗಳು ತೆಗೆದುಕೊಂಡ ಕಾಲವನ್ನು ಪಕ್ಕದಲ್ಲಿಟ್ಟರು. ನಮ್ಮದು 395 ವಿಧಿಗಳ ಸಂವಿಧಾನ, ಚರ್ಚೆಗೆ ಬಂದ ತಿದ್ದುಪಡಿಗಳೇ 2,473 ಅಂತ ತೋರಿಸಿದರು. ದನಿ ಏರಿಸಿ ಅಲ್ಲ, ಅಂಕಿ ಇಟ್ಟು ಗೆದ್ದರು.

ಇದರಿಂದ ನಾನು ಎತ್ತಿಕೊಂಡದ್ದು ಆಕ್ಷೇಪವನ್ನು ಮೊದಲೇ ಹೇಳಿಬಿಡುವ ಪದ್ಧತಿ. ನನ್ನ ಎದುರು ಕೂತವರ ಮನಸ್ಸಿನಲ್ಲಿ ಏನಿರುತ್ತದೆ ಅಂತ ನನಗೆ ಗೊತ್ತು. "ನನಗೆ ಓದೋಕೆ ಬರಲ್ಲ." "ಮನೆಯಲ್ಲಿ ಬೈತಾರೆ." "ಗಂಡಸರು ನಗ್ತಾರೆ." ಈ ಮೂರನ್ನೂ ಅವರ ಮಾತಿನಲ್ಲೇ ಮೊದಲು ನಾನು ಹೇಳುತ್ತೇನೆ. ಹೇಳಿ, ಒಂದೊಂದಕ್ಕೂ ಮಾಡಬಹುದಾದ ಒಂದು ಕೆಲಸ ಹೇಳುತ್ತೇನೆ. ಓದು ಬರದಿದ್ದರೆ, "ಗಟ್ಟಿಯಾಗಿ ಓದಿ ಹೇಳಿ, ಕೇಳಿದ ಮೇಲೆ ಸಹಿ ಹಾಕ್ತೀನಿ" ಅಂತ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರನ್ನು ಕೇಳಬಹುದು. ಅದು ಸದಸ್ಯೆಯ ಹಕ್ಕು. ಮನೆಯವರು ಬೈದರೆ ಅನ್ನುವ ಪ್ರಶ್ನೆಗೆ ಇಷ್ಟು ಸುಲಭದ ಉತ್ತರ ಇಲ್ಲ. ಇದೆ ಅಂತ ತೋರಿಸಿಕೊಳ್ಳುವುದೂ ಇಲ್ಲ. ಇನ್ನೊಬ್ಬ ಸದಸ್ಯೆಯನ್ನು ಜೊತೆ ಮಾಡಿಕೊಂಡು ಹೋಗಿ, ಇಬ್ಬರೂ ಒಬ್ಬರ ಮಾತಿಗೆ ಇನ್ನೊಬ್ಬರು ದನಿಗೂಡಿಸಿ, ಅಷ್ಟನ್ನೇ ಹೇಳುತ್ತೇನೆ.

ಅಂಕಿಗಳ ವಿಷಯದಲ್ಲಿ ನಾನು ಜಿಪುಣಿ. ಒಂದು ಭಾಷಣಕ್ಕೆ ಒಂದೇ ಅಂಕಿ. ನಮ್ಮ ಕಾಯ್ದೆಯ ಪ್ರಕಾರ ಸುಮಾರು 400 ಜನಸಂಖ್ಯೆಗೆ ಒಬ್ಬ ಗ್ರಾಮ ಪಂಚಾಯಿತಿ ಸದಸ್ಯರು. ಇದನ್ನು ಹಾಗೇ ಹೇಳಿದರೆ ಕಿವಿಗೆ ಬಿದ್ದು ಹೋಗುತ್ತದೆ. "ನೀವು ಸಭೆಯಲ್ಲಿ ಎದ್ದು ನಿಂತಾಗ ನಿಮ್ಮ ಹಿಂದೆ 400 ಜನ ನಿಂತಿರುತ್ತಾರೆ. ನಿಮ್ಮ ಬೀದಿಯ ಅಜ್ಜಿ, ಅಂಗನವಾಡಿ ಮಗು, ಪಿಂಚಣಿಗೆ ಅಲೆಯುವ ಅಂಗವಿಕಲ ಹುಡುಗ" ಅಂತ ಹೇಳಿದರೆ ಆ ಸಂಖ್ಯೆಗೆ ಮುಖ ಬರುತ್ತದೆ. ಹೇಳಿ, ನಿಲ್ಲಿಸಿ, ಉಸಿರು ತೆಗೆದುಕೊಳ್ಳುತ್ತೇನೆ. ಆ ಮುಖಗಳನ್ನು ಕಲ್ಪಿಸಿಕೊಳ್ಳಲು ಅವರಿಗೆ ಹೊತ್ತು ಬೇಕು, ಅಲ್ವಾ?

ಕಥೆಗೆ ದೊಡ್ಡವರ ಜೀವನ ಹುಡುಕುವುದಿಲ್ಲ. ಕಿತ್ತೂರು ಚೆನ್ನಮ್ಮನ ಮೇಲೆ ನನಗೆ ಅಪಾರ ಗೌರವ. ಆದರೆ ಅವಳ ಕಥೆ ಕೇಳಿದ ಸದಸ್ಯೆ ಕೈ ಮುಗಿಯುತ್ತಾಳೆ, ತಾನು ಹಾಗಾಗಬಲ್ಲೆ ಅಂದುಕೊಳ್ಳುವುದು ಕಷ್ಟ. ಅದರ ಬದಲು ಪಕ್ಕದ ತಾಲ್ಲೂಕಿನ ಒಬ್ಬ ಸದಸ್ಯೆಯ ಕಥೆ ಹೇಳುತ್ತೇನೆ. ಸಭೆಯಲ್ಲಿ ಆದ ಮಾತು, ತೀರ್ಮಾನಗಳನ್ನು ಬರೆದಿಡುವ ದಾಖಲೆಯೇ ನಡಾವಳಿ. ಆಕೆ ಸಭೆಯಲ್ಲಿ ಕೇಳಿದ್ದು ಒಂದೇ ಮಾತು: "ಹೋದ ಸಭೆಯಲ್ಲಿ ನಾನು ಚರಂಡಿ ಅಂದಿದ್ದೆ, ನಡಾವಳಿಯಲ್ಲಿ ಅದು ಎಲ್ಲಿದೆ ತೋರಿಸಿ." ಇರಲಿಲ್ಲ. ಅವತ್ತೇ ಬರೆಸಿದರು. ಮುಂದಿನ ಕ್ರಿಯಾಯೋಜನೆಯಲ್ಲಿ ಚರಂಡಿ ಸೇರಿತು. ಇಷ್ಟೇ ಕಥೆ. ಕೇಳುವವರ ಅಳತೆಗೆ ತಕ್ಕ ಕಥೆ.

ಆ ಕಥೆಯಿಂದಲೇ ನನ್ನ ಪಲ್ಲವಿ ಹುಟ್ಟುತ್ತದೆ. "ಹೇಳಿದ್ರೆ ಸಾಕಾಗಲ್ಲ, ನಡಾವಳಿಗೆ ಬರಬೇಕು." ನೀರಿನ ಮಾತು ಬಂದಾಗ ಒಮ್ಮೆ, ಬೀದಿದೀಪದ ಮಾತಿಗೆ ಇನ್ನೊಮ್ಮೆ. ಮೂರನೇ ಸಲ "ಹೇಳಿದ್ರೆ ಸಾಕಾಗಲ್ಲ" ಅಂದು ನಿಲ್ಲಿಸುತ್ತೇನೆ. ಉಳಿದರ್ಧವನ್ನು ಸಭಾಂಗಣ ಪೂರ್ತಿ ಮಾಡುತ್ತದೆ. ಮೊದಲು ಮುಂದಿನ ಸಾಲಿನವರು ಮೆಲ್ಲಗೆ, ಆಮೇಲೆ ಹಿಂದಿನವರು ಜೋರಾಗಿ. ಭಜನೆ, ಸೋಬಾನೆ ಪದ, ಕೋಲಾಟ ಎಲ್ಲದರಲ್ಲೂ ಒಬ್ಬರು ಎತ್ತಿಕೊಟ್ಟರೆ ಉಳಿದವರು ಹಿಡಿಯುವ ರೂಢಿ ನಮ್ಮ ಹೆಣ್ಣುಮಕ್ಕಳಿಗೆ ಚಿಕ್ಕಂದಿನಿಂದ ಇದೆ. ಸಭೆಯೊಂದರಲ್ಲಿ ಜೋರಾಗಿ ದನಿ ಎತ್ತುವ ಮೊದಲ ಅನುಭವ ಕೆಲವರಿಗೆ ಅಲ್ಲೇ ಆಗುತ್ತದೆ. ಪುನರಾವರ್ತನೆ ನೆನಪಿಗೆ ಒಳ್ಳೆಯದು ಅನ್ನುತ್ತಾರೆ, ನಿಜ. ಇಲ್ಲಿ ಅದು ಗಂಟಲಿಗೂ ಅಭ್ಯಾಸ.

ಕೊನೆಯ ಭಾಗಕ್ಕೆ ಗಾಂಧೀಜಿ ನನ್ನ ಗುರು. 1942ರ ಆಗಸ್ಟ್ 8ರಂದು ಮುಂಬೈಯ ಗೊವಾಲಿಯಾ ಟ್ಯಾಂಕ್ ಮೈದಾನದಲ್ಲಿ ಅವರು ಮಾಡಿದ ಭಾಷಣದಿಂದ ಎಲ್ಲರಿಗೂ ನೆನಪಿರುವುದು "ಮಾಡು ಇಲ್ಲವೇ ಮಡಿ" ಅನ್ನುವ ಘೋಷಣೆ. ಅದೇ ಭಾಷಣದಲ್ಲಿ ಅವರು ಪತ್ರಕರ್ತರಿಗೆ, ರಾಜರಿಗೆ, ಸರ್ಕಾರಿ ನೌಕರರಿಗೆ, ಸೈನಿಕರಿಗೆ, ವಿದ್ಯಾರ್ಥಿಗಳಿಗೆ ಬೇರೆಬೇರೆಯಾಗಿ ಏನು ಮಾಡಬೇಕು ಅಂತ ಹೇಳಿದರು. ನೌಕರರಿಗೆ, ಈಗಲೇ ರಾಜೀನಾಮೆ ಬೇಡ, ಕಾಂಗ್ರೆಸ್ ಜೊತೆಗಿದ್ದೇವೆ ಅಂತ ಬಹಿರಂಗವಾಗಿ ತಿಳಿಸಿ ಅಂದರು. ಸೈನಿಕರಿಗೆ, ನಮ್ಮ ಜನರ ಮೇಲೆ ಗುಂಡು ಹಾರಿಸುವುದಿಲ್ಲ ಅಂತ ಹೇಳಿ ಅಂದರು. ಘೋಷಣೆ ಎಲ್ಲರದು, ಕೆಲಸ ಅವರವರದು. ಭಾಷಣ ಕೇಳಿ ಮೈ ಜುಮ್ಮೆಂದವರು ಮನೆಗೆ ಹೋದ ಮೇಲೆ ಏನು ಮಾಡಬೇಕು ಅಂತ ಹುಡುಕಾಡಬಾರದು.

ನಾನೂ ಹಾಗೆ ಹಂಚುತ್ತೇನೆ. ಮೊದಲ ಸಲ ಗೆದ್ದವರು ಮುಂದಿನ ಸಭೆಯಲ್ಲಿ ಒಂದು ಪ್ರಶ್ನೆ ಕೇಳಬೇಕು, ಒಂದೇ. ಎರಡನೇ ಸಲ ಗೆದ್ದವರು ಒಬ್ಬ ಹೊಸ ಸದಸ್ಯೆಯ ಪಕ್ಕ ಕೂರಬೇಕು. ಅಧ್ಯಕ್ಷೆಯಾದವರು ಸುಮ್ಮನೆ ಕೂತವರನ್ನು ಹೆಸರು ಹಿಡಿದು ಕರೆದು ಅಭಿಪ್ರಾಯ ಕೇಳಬೇಕು. ಸಾಮಾಜಿಕ ನ್ಯಾಯ ಸಮಿತಿಯಂಥ ಪಂಚಾಯಿತಿಯ ಸ್ಥಾಯಿ ಸಮಿತಿಗಳಲ್ಲಿ ಇರುವವರು ತಮ್ಮ ಸಮಿತಿ ಕಳೆದ ಸಲ ಯಾವಾಗ ಸೇರಿತ್ತು ಅಂತ ವಿಚಾರಿಸಬೇಕು.

ಕಣ್ಣೀರು ತರಿಸುವುದು ಕಷ್ಟದ ವಿದ್ಯೆ ಏನಲ್ಲ. ತಾಯಿಯ ಮಾತು ಎತ್ತಿ, ದನಿ ಇಳಿಸಿದರೆ ಆಯಿತು. ನಾನು ಅದನ್ನು ಮಾಡುವುದಿಲ್ಲ. ಅತ್ತವರಿಗೆ ಮನಸ್ಸು ಹಗುರವಾಗುತ್ತದೆ, ಅದರೊಂದಿಗೆ ಮಾಡಬೇಕಾದ ಕೆಲಸವೂ ಮರೆತುಹೋಗುತ್ತದೆ. ಮಾತಾಡಿದವರ ಮೇಲೆ ಭಕ್ತಿಯೊಂದು ಉಳಿಯುತ್ತದೆ. ರಾಜಕೀಯದಲ್ಲಿ ಭಕ್ತಿ, ವ್ಯಕ್ತಿಪೂಜೆ ಪತನಕ್ಕೂ ಕೊನೆಗೆ ಸರ್ವಾಧಿಕಾರಕ್ಕೂ ದಾರಿ ಅಂತ ಅಂಬೇಡ್ಕರ್ ಎಚ್ಚರಿಸಿದ್ದು ಅದೇ ನವೆಂಬರ್ 25ರ ಭಾಷಣದಲ್ಲಿ. ಭಯ ಹುಟ್ಟಿಸಿ ಒಪ್ಪಿಸುವುದನ್ನೂ ದೂರ ಇಟ್ಟಿದ್ದೇನೆ. ಈ ಹೆಣ್ಣುಮಕ್ಕಳು ಹೆದರಿಕೆಯನ್ನು ಸಾಕಷ್ಟು ನೋಡಿದ್ದಾರೆ.

ಊಟದ ನಂತರ ನಾನು ಬಳಸಿದ ಒಂದೊಂದು ತಂತ್ರವನ್ನೂ ಅವರ ಮುಂದೆ ಬಿಚ್ಚಿಡುತ್ತೇನೆ. ಮೊದಲ ಪ್ರಶ್ನೆ ಯಾಕೆ ನೀರಿನ ಬಗ್ಗೆ ಇತ್ತು, ಎಲ್ಲಿ ನಿಲ್ಲಿಸಿದೆ, ಪಲ್ಲವಿಯ ಅರ್ಧ ಯಾಕೆ ಬಿಟ್ಟೆ, ಎಲ್ಲವನ್ನೂ. ಗ್ರಾಮ ಸಭೆಯಲ್ಲಿ ಇವೇ ತಂತ್ರಗಳು ಅವರಿಗೆ ಬೇಕು. ಅಷ್ಟೇ ಅಲ್ಲ, ಮುಚ್ಚಿಟ್ಟರೆ ಮಾತ್ರ ಕೆಲಸ ಮಾಡುವ ತಂತ್ರವನ್ನು ಅವರ ಮೇಲೆ ಬಳಸಲು ನನಗೆ ಮನಸ್ಸಿಲ್ಲ.

ಆಮೇಲೆ ಒಬ್ಬೊಬ್ಬರೂ ಎದ್ದು ಎರಡು ನಿಮಿಷ ಮಾತಾಡಬೇಕು. ಮೈಕ್ ಕೊಡುವುದಿಲ್ಲ, ಪಂಚಾಯಿತಿ ಸಭೆಯಲ್ಲಿ ಮೈಕ್ ಇರುವುದು ಅಪರೂಪ. ತಿದ್ದುವುದು ಎರಡನ್ನೇ. "ತಪ್ಪಾದ್ರೆ ಕ್ಷಮಿಸಿ" ಅಂತ ಶುರು ಮಾಡಿದರೆ ಅದನ್ನು ಬಿಟ್ಟು ಮತ್ತೆ ಶುರು ಮಾಡಿ ಅನ್ನುತ್ತೇನೆ. ಕೊನೆಯ ವಾಕ್ಯದಲ್ಲಿ ಯಾರು, ಏನು, ಯಾವ ದಿನದೊಳಗೆ ಅನ್ನುವ ಮೂರೂ ಇರಬೇಕು ಅನ್ನುತ್ತೇನೆ. "ದಯವಿಟ್ಟು ದೀಪ ಹಾಕಿಸಿಕೊಡಿ" ಅಂದವರು ಎರಡನೇ ಸುತ್ತಿನಲ್ಲಿ "ಶಾಲೆ ಹತ್ತಿರದ ಮೂರು ಕಂಬಕ್ಕೆ ಬರುವ ಹಬ್ಬದೊಳಗೆ ಪಂಚಾಯಿತಿಯಿಂದ ದೀಪ ಹಾಕಿಸಬೇಕು, ಇದನ್ನು ನಡಾವಳಿಗೆ ಬರೀರಿ" ಅನ್ನುತ್ತಾರೆ. ಅಷ್ಟು ಬಂದರೆ ಅವರನ್ನು ಕೂರಿಸಿ ಮುಂದಿನವರನ್ನು ಎಬ್ಬಿಸುತ್ತೇನೆ.